ಲಕ್ಷಣವಾದ ಉಂಗುರ

ಜೋಡಿ ಉಂಗುರ ಬೇಕು ಎಂದವನು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಮನೆಯಲ್ಲಿ ಈ ಕತೆಯನ್ನು ಯಾರೇ ಹೇಳಲಿ, ಇಲ್ಲಿಂದಲೇ ಶುರು ಮಾಡುತ್ತಾರೆ. ನನ್ನ ಕಡೆ ಒಮ್ಮೆ ನೋಡಿ, ಸ್ವಲ್ಪ ತಡೆದು, ಆಮೇಲೆ ಮುಂದುವರಿಸುತ್ತಾರೆ.

ನಿಶ್ಚಯಕ್ಕೆ ಇನ್ನೂ ಐದು ವಾರ ಇತ್ತು. ಗೆಳೆಯನೊಬ್ಬನ ನಿಶ್ಚಯದ ಫೋಟೋ ನೋಡಿದ್ದೆ. ಎರಡು ಕೈ, ಎರಡು ಉಂಗುರ, ಒಂದೇ ನಮೂನೆ, ಹಿಂದೆ ಮಬ್ಬುಮಬ್ಬಾಗಿ ಮಲ್ಲಿಗೆ ಮಾಲೆ. ಅವತ್ತೇ ನನಗೆ ಹುಚ್ಚು ಹತ್ತಿತು. ಅವ್ವನಿಗೆ ಹೇಳಿದೆ. ಅವಳು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಜೋಡಿ ಇರೂದು ಕಾಲಾಗ ಹಾಕ್ಕೊಳ್ಳೊ ಜೋಡು. ಗಳೇ ಹೊಡಿಯೊ ಎತ್ತು. ಕೈಬೆರಳಿಗೆ ಎಂಥಾ ಜೋಡಿನೋ?"

"ಕಾಲುಂಗರ ಜೋಡಿ ಇರ್ತಾವಲ್ಲವ್ವ?"

"ಅವು ಬೆಳ್ಳೀವು, ಒಬ್ಬಾಕೀನ ಎರಡೂ ಕಾಲಿಗೆ ಹಾಕ್ಕೊಂತಾಳ. ನೀ ಒಂದು ಕಾಲಿಗೆ ಹಾಕ್ಕೊಂಡು ಅಡ್ಡಾಡ್ತೀಯೇನು?"

ಈ ವಾದಕ್ಕೆ ಇವತ್ತಿಗೂ ನನ್ನ ಹತ್ತಿರ ಉತ್ತರವಿಲ್ಲ.

ಮುಂದೆ ಹೋಗುವ ಮೊದಲು ಹೆಸರಿನ ವಿಷಯ ಹೇಳಬೇಕು. ನಮ್ಮ ಕಡೆ ಮದುಮಕ್ಕಳು ಒಬ್ಬರ ಹೆಸರನ್ನೊಬ್ಬರು ನೇರವಾಗಿ ಹೇಳುವುದಿಲ್ಲ. ಒಡಪು ಕಟ್ಟಿ, ಪ್ರಾಸದ ಸಂದಿಯಲ್ಲಿ ಹೆಸರನ್ನು ನುಸುಳಿಸುತ್ತಾರೆ. ನಾನೂ ಅದನ್ನೇ ಮಾಡುತ್ತೇನೆ. ಹುಣ್ಣಿಮೆಗೆ ಸಂಸ್ಕೃತದಲ್ಲಿ ಏನೆನ್ನುತ್ತಾರೋ ಅದು ಅವಳ ಹೆಸರು. ರಾಮನ ಬೆನ್ನಿಗೆ ಕಾಡಿಗೆ ಹೋದ ತಮ್ಮ ಯಾರೋ ಅವನದು ನನ್ನ ಹೆಸರು. ಓದುಗರು ಎರಡನ್ನೂ ಒಂದು ಚೀಟಿಯ ಮೇಲೆ ಕನ್ನಡದಲ್ಲಿ, ಒತ್ತು ತಪ್ಪದಂತೆ ಬರೆದಿಟ್ಟುಕೊಳ್ಳಬೇಕು. ಮುಂದೆ ಬೇಕಾಗುತ್ತದೆ.

ಆ ತಮ್ಮನಿಗೆ ಒಡವೆಯ ವಿಷಯದಲ್ಲಿ ಇದ್ದ ತಿಳಿವಳಿಕೆ ಎಲ್ಲರಿಗೂ ಗೊತ್ತು. ಸೀತೆ ಆಕಾಶದಿಂದ ಬಿಸುಟ ಗಂಟನ್ನು ಋಷ್ಯಮೂಕದಲ್ಲಿ ಬಿಚ್ಚಿ ತೋರಿಸಿದಾಗ, ತೋಳಬಂದಿ ಗೊತ್ತಿಲ್ಲ, ಓಲೆ ಗೊತ್ತಿಲ್ಲ, ಕಾಲಿನ ನೂಪುರ ಮಾತ್ರ ಗೊತ್ತು ಅಂದವನು. ನನಗೆ ಅದೂ ಗೊತ್ತಿರಲಿಲ್ಲ. ಅಂಥವನು ಒಂದು ಭಾನುವಾರ, ಹುಬ್ಬಳ್ಳಿಯ ಎಸಿ ಶೋರೂಮೊಂದಕ್ಕೆ, ಮದುವೆಯಾಗಲಿರುವ ಹುಡುಗಿಯನ್ನು ಕರೆದುಕೊಂಡು, ಬಲ್ಲವನ ಠೀವಿಯಲ್ಲಿ ಹೊಕ್ಕ.

ಮೊದಲು ಬೆರಳ ಅಳತೆ. ಸೇಲ್ಸ್‌ಮನ್ ಕೀಲಿಕೈ ಗೊಂಚಲಿನಂಥ ಒಂದು ಬಳೆ ತಂದ. ಅದರ ತುಂಬ ನಂಬರು ಹೊಡೆದ ಅಳತೆಯ ಉಂಗುರಗಳು. ಅವಳದು 11. ನನ್ನದು 18ರಿಂದ ಶುರುವಾಗಿ 20, 22 ದಾಟಿ 24ಕ್ಕೆ ಬಂದು ನಿಂತಿತು. "ಜೆಂಟ್ಸ್‌ಗೆ ಇದು ಕಾಮನ್ ಸರ್" ಎಂದು ಅವನು ಹೇಳಿದ ದನಿಯಲ್ಲೇ ಅದು ಕಾಮನ್ ಅಲ್ಲವೆಂದು ಗೊತ್ತಾಯಿತು. 11ಕ್ಕೂ 24ಕ್ಕೂ ಒಂದೇ ನಮೂನೆ ಎಂದರೆ ಏನರ್ಥ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಅವಳ ಬೆರಳಿನಲ್ಲಿ ಬಳ್ಳಿಯ ಹಾಗೆ ಕಂಡ ನಮೂನೆ ನನ್ನ ಬೆರಳಿಗೆ ಬರುವಷ್ಟರಲ್ಲಿ ಬೋರ್‌ವೆಲ್ ಪೈಪಿನ ಕ್ಲಾಂಪ್ ಆಗಿತ್ತು.

ಆಮೇಲೆ ಅರ್ಧ ಹೃದಯದ ಉಂಗುರಗಳು ಬಂದವು. ಇವನ ಉಂಗುರದಲ್ಲಿ ಅರ್ಧ, ಅವಳದರಲ್ಲಿ ಅರ್ಧ, ಪಕ್ಕಪಕ್ಕ ಹಿಡಿದರೆ ಪೂರ್ತಿ. ನನ್ನ ಕಣ್ಣು ಮಿನುಗಿದ್ದನ್ನು ಅವಳು ನೋಡಿದಳು.

"ನಾ ಪಕ್ಕದಾಗ ಇಲ್ಲದಾಗ ಇದೇನು ಕಾಣ್ತೈತ್ರಿ?"

ಹಿಡಿದು ನೋಡಿದೆವು. ಗೋಡಂಬಿ. ತುಸು ಸೊಟ್ಟಗಿನ, ಬಂಗಾರದ ಗೋಡಂಬಿ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವನು. ದಿನಕ್ಕೆ ನೂರು ಜನರ ಕಣ್ಣೆದುರು ಗೋಡಂಬಿ ತೊಟ್ಟು ವೋಚರಿಗೆ ಸಹಿ ಮಾಡುವ ಚಿತ್ರ ನನಗೂ ಕಂಡಿತು.

ಪ್ಲಾಟಿನಂ ತಂದರು. ಬಂಗಾರ 1064 ಡಿಗ್ರಿಗೆ ಕರಗುತ್ತದೆ, ಇದು 1768 ಡಿಗ್ರಿಯ ತನಕ ಜಪ್ಪಯ್ಯ ಅನ್ನುವುದಿಲ್ಲ, ಪ್ರೇಮದ ಹಾಗೆ ಎಂದ ಸೇಲ್ಸ್‌ಮನ್. ಅವಳು, "ಕರಗಂಗಿಲ್ಲ ಅಂದ್ರ ಕಷ್ಟ ಬಂದಾಗ ಒತ್ತಿ ಇಡಾಕ ಬರತೈತೇನ್ರಿ?" ಎಂದಳು. ಅವನು ಪ್ಲಾಟಿನಂ ಟ್ರೇ ಒಳಗಿಟ್ಟ.

ಕಡೆಗೆ ಒಂದು ಸಾದಾ ಜೋಡಿ ಮೆಚ್ಚಿಗೆಯಾಯಿತು. ಒಳಮೈಯಲ್ಲಿ 22 ಕ್ಯಾರೆಟ್ಟಿನ 916 ಮುದ್ರೆ ಇತ್ತು, ಅದರ ಪಕ್ಕ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ. 2023ರ ಏಪ್ರಿಲ್ 1ರಿಂದ ಇದು ಕಡ್ಡಾಯ ಎಂದು ಹೇಳಿ ಭೂತಗನ್ನಡಿ ಕೊಟ್ಟ. ನನಗೆ ನನ್ನದೇ ರೆಪ್ಪೆ ಕಂಡಿತು. "ಹಾಂ, ಐತಿ" ಎಂದೆ. ಬಿಲ್ಲು ಬಂತು. ಬಂಗಾರದ ದರ, ಜಿಎಸ್‌ಟಿ ಶೇಕಡಾ 3, ಎಲ್ಲ ಸರಿ. ನಡುವೆ ವೇಸ್ಟೇಜ್ ಶೇಕಡಾ 14.

ನನಗೆ ಸಿಟ್ಟು ಬರುವ ಶಬ್ದಗಳಲ್ಲಿ ಇದೊಂದು. ನೂರು ಗ್ರಾಮಿಗೆ ಹದಿನಾಲ್ಕು ಗ್ರಾಮು ವೇಸ್ಟ್ ಆಗುವುದಾದರೆ ಅದೆಲ್ಲಿ ಬಿದ್ದಿರುತ್ತದೆ? ಪತ್ತಾರರ ಅಂಗಡಿಯ ಕಸವನ್ನೂ ಮುಂದಿನ ಗಟಾರದ ಕೆಸರನ್ನೂ ತೊಳೆದು ಬಂಗಾರದ ಪುಡಿ ಹೆಕ್ಕುವ ಜಾಲಗಾರರು ಇವರ ಹಿತ್ತಿಲಿಗೆ ಬಂದರೆ ಒಂದೇ ವಾರದಲ್ಲಿ ಬಂಗಲೆ ಕಟ್ಟಿಸಬೇಕಿತ್ತಲ್ಲ! ಇದನ್ನು ಸ್ವಲ್ಪ ಜೋರಾಗಿಯೇ ಕೇಳಿದೆ. ತಂಪು ಬಾದಾಮಿ ಹಾಲು ತಂದುಕೊಟ್ಟರು. ಕುಡಿದು ಎದ್ದು ಬಂದೆವು.

ಮನೆಗೆ ಬಂದಾಗ ಅವ್ವ ಏನೂ ಕೇಳಲಿಲ್ಲ. ಟ್ರಂಕಿನಿಂದ ಕುಂಕುಮದ ಹಳೆ ಕರಡಿಗೆ ತೆಗೆದು ನನ್ನ ಮುಂದಿಟ್ಟಳು. ಒಳಗೆ ಅಪ್ಪನ ಉಂಗುರ ಇತ್ತು. ಒಂದು ಕಡೆ ಕತ್ತರಿಸಿ, ಬಾಯಿ ತೆರೆದಂತೆ ಅಗಲಿಸಿದ ಉಂಗುರ.

ಅದನ್ನು ಕತ್ತರಿಸಿದಾಗ ನಾನು ಅಲ್ಲೇ ಇದ್ದೆ, ಐದು ವರ್ಷದ ಹಿಂದೆ. ಅಪ್ಪನ ಕೈ ಬಾತು ಬೆರಳು ನೀಲಿಗಟ್ಟಿತ್ತು. ಸೋಪು, ಎಣ್ಣೆ, ದಾರ ಸುತ್ತುವುದು ಎಲ್ಲ ಮಾಡಿ ನೋಡಿದರು. ಕೊನೆಗೆ ನರ್ಸಮ್ಮ ಸಣ್ಣ ಗಾಲಿಯಿದ್ದ ಒಂದು ಇಕ್ಕಳ ತಂದು, ಉಂಗುರದ ಅಡಿಗೆ ಅದರ ನಾಲಿಗೆ ತೂರಿಸಿ, ಮೆಲ್ಲಗೆ ತಿರುವತೊಡಗಿದಳು. ಕಿರ್ ಕಿರ್ ಎಂಬ ಸಣ್ಣ ಸದ್ದು. ನಾನು ಮೊಣಕೈ ಹಿಡಿದಿದ್ದೆ. "ಹಗೂರಕ ತಂಗಿ, ಬಂಗಾರಕ್ಕ ನೋವಾದೀತು" ಎಂದ ಅಪ್ಪ. ಅವಳು ನಕ್ಕಳು. ಆಮೇಲೆ ಅವನು ಹದಿನೆಂಟು ದಿನ ಇದ್ದ.

"ಅಂಗಡಿಯಾಗ ಕೊಟ್ಟು ಬದಲಿ ತರೂಣೇನವ್ವ?" ಎಂದೆ, ದಡ್ಡನ ಹಾಗೆ.

"ಬದಲಿ ಯಾಕ? ಇದನ್ನ ಮಾಡಸು" ಎಂದಳು.

ಪತ್ತಾರ ಕಾಕಾನ ಅಂಗಡಿ ನಮ್ಮ ಓಣಿಯಲ್ಲೇ ಇದೆ. ಅಪ್ಪನ ಉಂಗುರ ಮಾಡಿದವನೂ ಅವನೇ. ಅವನು ಗ್ರಾಮಿನಲ್ಲಿ ತೂಗುತ್ತಾನೆ, ಗುಂಜಿಯಲ್ಲಿ ಮಾತಾಡುತ್ತಾನೆ. 96 ಗುಂಜಿಗೆ ಒಂದು ತೊಲೆ. ಅಪ್ಪನ ಉಂಗುರ ಒರೆಗಲ್ಲಿಗೆ ತಿಕ್ಕಿ, ತೂಗಿ, "ತೊಲಿ ಕೊಟ್ಟಿದ್ದೆ. ಐದು ಗುಂಜಿ ನಿಮ್ಮಪ್ಪ ಸವಿಸ್ಯಾನ" ಎಂದ. ಜೋಡಿ ಉಂಗುರ ಎಂದಾಗ ಅವನು ನಗಲಿಲ್ಲ. ಬೆರಳು ನೋಡಿದ, ಅಷ್ಟೇ. ಎಂಟು ದಿನದಲ್ಲಿ ಎರಡು ಸಾದಾ ಉಂಗುರ ಕೈಗಿಟ್ಟ. ನನ್ನದು ಅಗಲ, ಅವಳದು ಸಪೂರ, ಎರಡರ ಅಂಚಿಗೂ ಒಂದೇ ಎಳೆಯ ಗೀರು. ಲೆಕ್ಕ ಒಪ್ಪಿಸಿದ: "ನಿಂದು 57, ಆಕೀದು 30. ಉಳದದ್ದು ಮೂರು ಗುಂಜಿ, ತೊಗೊ." ಕೆಂಪು ಕಾಗದದ ಪೊಟ್ಟಣದಲ್ಲಿ ಸಾಸಿವೆಗಿಂತ ತುಸು ದೊಡ್ಡ ಒಂದು ಗುಂಡು. ನಾನು ಬ್ಯಾಂಕಿನವನು, ಕೂಡಿಸಿ ನೋಡಿದೆ. "ಕಾಕಾ, ಒಂದು ಗುಂಜಿ ಕಡಿಮಿ ಬರತೈತಿ?" ಅವನು ನನ್ನನ್ನು ಒಂದು ಗಳಿಗೆ ದಿಟ್ಟಿಸಿದ. "ಅರದಾಗ ಹೋತು ತಮ್ಮಾ."

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ರಾಮ ಹನುಮಂತನ ಕೈಯಲ್ಲಿ ಕಳಿಸಿದ ಉಂಗುರದಲ್ಲಿ ಅವನ ಹೆಸರು ಕೆತ್ತಿತ್ತು ಎಂದು ನನಗೆ ನೆನಪಾಯಿತು. ನನ್ನ ಉಂಗುರದೊಳಗೆ ಅವಳ ಹೆಸರು, ಅವಳದರೊಳಗೆ ನನ್ನ ಹೆಸರು, ಅದೂ ಕನ್ನಡದಲ್ಲಿ! ಕಾಕಾ ಕಣ್ಣು ತೋರಿಸಿದ: ಪೊರೆ ತೆಗೆಸಿದ ಮೇಲೆ ಅಕ್ಷರದ ಕೆಲಸ ಬಿಟ್ಟಿದ್ದ. ಹುಬ್ಬಳ್ಳಿಯ ದುರ್ಗದ ಬೈಲಿನ ಹತ್ತಿರ ಲೇಸರಿನಲ್ಲಿ ಬರೆಯುವವರಿದ್ದಾರೆ ಅಂತ ಕೇಳಿ ಅಲ್ಲಿಗೆ ಹೋದೆವು.

ಟ್ರೋಫಿ, ನೇಮ್‌ಪ್ಲೇಟು, ಮೊಬೈಲ್ ಕವರಿನ ಅಂಗಡಿ. ಇಪ್ಪತ್ತು ವರ್ಷದ ಹುಡುಗ. "ಇಂಗ್ಲಿಷಿನಾಗ ಎರಡು ನಿಮಿಷ ಸರ್" ಎಂದ. ಕನ್ನಡ ಎಂದೆ. ಅವನ ಮುಖದ ಮೇಲೆ, ಹೆಡ್ಡಾಫೀಸಿನ ಆಡಿಟರು ಬಂದಾಗ ನನ್ನ ಮುಖದ ಮೇಲೆ ಮೂಡುವ ಭಾವ ಮೂಡಿತು.

ಅವಳ ಹೆಸರನ್ನು ವಾಟ್ಸಾಪಿನಲ್ಲಿ ಕಳಿಸಿದೆ. ಅದನ್ನು ಅವನು ಯಂತ್ರದ ತಂತ್ರಾಂಶಕ್ಕೆ ತುಂಬಿದ. ಹೆಸರು ಒಡೆದು ಎಂಟು ತುಂಡಾಯಿತು. ಪಕಾರದಿಂದ ಕೊಂಬಿನಿಳಿ ಕಳಚಿ ಚುಕ್ಕಿಚುಕ್ಕಿಯ ಒಂದು ಸೊನ್ನೆಯನ್ನು ತಬ್ಬಿಕೊಂಡು ನಿಂತಿತು. ರಕಾರ ಇಡಿಯಾಗಿ ಎದ್ದು ಬಂದು ಸಾಲಿನಲ್ಲಿ ಜಾಗ ಹಿಡಿಯಿತು. ಗುಡಿಸು ಯಾರದೆಂದು ಯಾರಿಗೂ ಗೊತ್ತಾಗಲಿಲ್ಲ. ಹುಣ್ಣಿಮೆ ಹೋಗಿ ಪೂರ್ಣ ಗ್ರಹಣ.

"ನುಡಿಯೊಳಗ ಟೈಪ್ ಮಾಡಿ ಹಾಕೂಣ್ರಿ" ಎಂದ. ಆ ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ನುಡಿ ಏನಾಗುತ್ತದೆಂದು ಆಫೀಸು ಕಂಡವರಿಗೆಲ್ಲ ಗೊತ್ತು. ನನ್ನ ಭಾವೀ ಪತ್ನಿಯ ಹೆಸರು ಜಪಾನಿನ ಯೆನ್ ಚಿಹ್ನೆಯಿಂದ ಶುರುವಾಗಿ, ಟೋಪಿ ಹಾಕಿದ ನಾಲ್ಕಾರು ಇಂಗ್ಲಿಷ್ ಅಕ್ಷರಗಳನ್ನು ದಾಟಿ ಮುಗಿಯಿತು. ಹುಡುಗ ತಲೆ ವಾಲಿಸಿ ನೋಡಿದ. "ಫಾರಿನ್ ಕಾಣ್ತೈತ್ರಿ ಸರ್. ಇರ್ಲಿ ಬಿಡ್ರಿ."

ಇರಲಿ ಬಿಡು ಅನ್ನಲಿಲ್ಲ ನಾನು. ಅವಳು ಅನ್ನೋಣ ಎಂದಳು. ನಾನು ಬ್ಯಾಡ ಎಂದೆ. ಎರಡು ಸಾವಿರ ವರ್ಷದ ಭಾಷೆ, ಹಲ್ಮಿಡಿ ಶಾಸನ, ಕಲ್ಲಿನ ಮೇಲೆ ಉಳಿ ಹಿಡಿದು ಬರೆದವರು, ಬಂಗಾರದ ಮೇಲೆ ಬರೆಯಲಾಗದೇ ಎಂದು ಒಂದು ಭಾಷಣವೂ ಆಯಿತು. ಮೊಬೈಲ್ ಕವರಿಗೆ ಬಂದಿದ್ದ ಇಬ್ಬರು ಚಪ್ಪಾಳೆ ತಟ್ಟಿದರು. ಹುಡುಗನಿಗೆ ರೋಷ ಬಂತೋ ಕನಿಕರ ಬಂತೋ, ಕುರ್ಚಿ ಎಳೆದುಕೊಂಡು ಕೂತ. ಹಿಂದೆ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದರಲ್ಲ, ಹಾಗೆ ಒಂದೊಂದೇ ತುಂಡನ್ನು ಮೌಸಿನಿಂದ ಎಳೆದು ಎಳೆದು ಅಂಟಿಸತೊಡಗಿದ. ಕೊಂಬಿನಿಳಿ ಪಕಾರಕ್ಕೆ ಸೇರಿತು. ಗುಡಿಸು ಣಕಾರದ ನೆತ್ತಿಗೇರಿತು. ಅರ್ಕಾವೊತ್ತು ಮಾತ್ರ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಐದು ನಿಮಿಷ ಸುಮ್ಮನಿದ್ದು, ಆಚೀಚೆ ನೋಡಿ, ಕನ್ನಡದ ಅಂಕಿ ೯ ಒತ್ತಿದ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಥೇಟ್ ಅರ್ಕಾವೊತ್ತು! ಇವತ್ತಿಗೂ ನನ್ನ ಬೆರಳಿನಲ್ಲಿರುವ ಅವಳ ಹೆಸರಿನ ನಡುವೆ ಕೂತಿರುವುದು ರಕಾರ ಅಲ್ಲ, ಒಂಬತ್ತು.

ಇನ್ನು ನನ್ನ ಹೆಸರು. ಚೀಟಿ ನೋಡಿ. ಕಕಾರಕ್ಕೆ ಷಕಾರದ ಒತ್ತು, ಅದರ ಬೆನ್ನಿಗೆ ಮಕಾರದ ಒತ್ತು. ಕೆಳಗಿಳಿಯುವ ಒತ್ತೇ ಇಲ್ಲದ ಅವಳ ಹೆಸರಿಗೆ ನನ್ನ ಅಗಲವಾದ ಉಂಗುರ, ಎರಡೊತ್ತಿನ ನನ್ನ ಹೆಸರಿಗೆ ಅವಳ ಎರಡೂವರೆ ಮಿಲಿಮೀಟರಿನ ಉಂಗುರ. ಬಂಗಲೆಯಲ್ಲಿ ಒಬ್ಬರೇ, ಒಂದಂಕಣದ ಮನೆಯಲ್ಲಿ ಕೂಡುಕುಟುಂಬ. ಹುಡುಗ ಅಕ್ಷರ ಕುಗ್ಗಿಸಿದ, ಮೇಲೆ ಸರಿಸಿದ, ಉಂಗುರ ಯಂತ್ರಕ್ಕೆ ಸಿಕ್ಕಿಸಿದ. ಉಂಗುರ ತಿರುಗಿತು, ಸಣ್ಣ ಬೆಳಕು ಚುಟುಚುಟು ಎಂದಿತು, ಸುಟ್ಟ ವಾಸನೆ ಬಂತು. ನಾನು ಉಸಿರು ಬಿಗಿಹಿಡಿದಿದ್ದೆ.

ತೆಗೆದು ಕನ್ನಡಿ ಹಿಡಿದು ನೋಡಿದೆವು. ಮಕಾರದ ಒತ್ತು ಅಂಚಿನಾಚೆ ಹೋಗಿತ್ತು. ಲೇಸರ್ ತನ್ನ ಕೆಲಸ ಮಾಡಿತ್ತು, ಬರೆದಿತ್ತು. ಆದರೆ ಅಲ್ಲಿ ಬಂಗಾರ ಇರಲಿಲ್ಲ. ನನ್ನ ಹೆಸರಿನ ಒಂದು ತುಣುಕು ದುರ್ಗದ ಬೈಲಿನ ಗಾಳಿಯಲ್ಲಿ ಬರೆದುಹೋಯಿತು. ಉಂಗುರದಲ್ಲಿ ಉಳಿದದ್ದು "ಲಕ್ಷಣ".

ಅಳಿಸುವುದಾದರೆ ಕೆರೆಯಬೇಕು ಎಂದ ಹುಡುಗ. ಅಪ್ಪನ ಬಂಗಾರ ಇನ್ನು ಸವೆಸುವುದು ಬೇಡವೆನಿಸಿತು. ಅವಳು ಉಂಗುರ ಬೆರಳಿಗೆ ಹಾಕಿ ತಿರುವಿ ನೋಡುತ್ತ, "ಇರ್ಲಿ ಬಿಡ್ರಿ, ಲಕ್ಷಣ ಆಗೈತಿ" ಎಂದಳು. ನಗುತ್ತಿದ್ದಳೋ ಇಲ್ಲವೋ ಕಾಣದಂತೆ ಸೆರಗು ಅಡ್ಡವಿತ್ತು.

ನಿಶ್ಚಯ ಚೆನ್ನಾಗಿಯೇ ಆಯಿತು. ಫೋಟೋಗ್ರಾಫರ್ ಉಂಗುರ ತೊಡಿಸುವುದನ್ನು ನಾಲ್ಕು ಸಲ ಮಾಡಿಸಿದ, ಲೈಟು ಸರಿ ಇಲ್ಲ ಅಂತ; ಹಿಂದೆ ಮಲ್ಲಿಗೆ ಮಬ್ಬಾಗಲೇ ಇಲ್ಲ, ಅವಳ ಸೋದರಮಾವ ಸ್ಪಷ್ಟವಾಗಿ ಬಂದಿದ್ದಾರೆ. ಮದುವೆಯಾಗಿ ಎರಡು ವರ್ಷವಾಯಿತು. ನಾನು ಗ್ಯಾಸ್ ಆರಿಸುವುದು ಮರೆತರೆ, ಸಂತೆಯಿಂದ ಬಲಿತ ಬೆಂಡೆಕಾಯಿ ತಂದರೆ, ಅವಳು ಬಾಯಿ ಬಿಡುವುದಿಲ್ಲ. ಉಂಗುರ ತೆಗೆದು ಒಳಮೈ ಓದಿ ಮತ್ತೆ ಹಾಕಿಕೊಳ್ಳುತ್ತಾಳೆ.

ಮೊನ್ನೆ ಅವ್ವ ಟ್ರಂಕು ಹರವಿಕೊಂಡು ಕೂತಿದ್ದಳು. ಕರಡಿಗೆಯಲ್ಲಿ ಕೆಂಪು ಕಾಗದದ ಪೊಟ್ಟಣ ಕಂಡಿತು. ಇವಳು ಅದನ್ನು ಬಿಚ್ಚಿ, ಗುಂಡನ್ನು ಅಂಗೈಯಲ್ಲಿ ಹೊರಳಿಸುತ್ತ, "ಅತ್ತಿ, ಇದ್ರಾಗ ಇವರ ಮಕಾರದ ಒತ್ತು ಮಾಡಿಸಿ ಬೆಸಗಿ ಹಾಕಸೂಣೇನ್ರಿ?" ಎಂದು ಕೇಳಿದಳು.

ಅವ್ವ ಕೈಚಾಚಿ ಗುಂಡನ್ನು ತೆಗೆದುಕೊಂಡು ಕಾಗದದಲ್ಲಿ ಸುತ್ತಿದಳು. "ಏನೂ ಬ್ಯಾಡ. ಒತ್ತು ಇಲ್ಲದ ಎರಡು ವರ್ಷ ಬಾಳೇ ಮಾಡೀಯಲ್ಲ."