ಸ್ಟೋರ್ ರೂಮಿನ ಮತಪೆಟ್ಟಿಗೆ ಬಾಯಿಬಿಟ್ಟಾಗ

ಯುವಜನರಿಗೆ ಸಾರ್ವಜನಿಕ ವಿಷಯಗಳಲ್ಲಿ ಆಸಕ್ತಿಯಿಲ್ಲ ಎಂದು ದೂರುವವರು ನಮ್ಮಲ್ಲಿ ಬಹಳ. ಆ ಆಸಕ್ತಿ ಎಲ್ಲಿ ಹೋಯಿತೆಂದು ಬಲ್ಲವರನ್ನು ಮಾತ್ರ ಯಾರೂ ಕೇಳಿಲ್ಲ. ಹಾಗಾಗಿ ಕರ್ನಾಟಕದ ಯಾವುದೋ ಪದವಿ ಕಾಲೇಜಿನಲ್ಲಿ, ಮುರಿದ ಬೆಂಚುಗಳಡಿ ಬಿದ್ದಿರುವ ವಿದ್ಯಾರ್ಥಿ ಸಂಘದ ಮತಪೆಟ್ಟಿಗೆಯೊಂದನ್ನು ಮಾತಿಗೆ ಎಳೆದದ್ದಾಯಿತು.

ಕೆಲಸ ಬಿಟ್ಟು ಎಷ್ಟು ಕಾಲವಾಯಿತು?

ಬಿಟ್ಟದ್ದಲ್ಲ, ಬಿಡಿಸಿದ್ದು. ಸಂವಿಧಾನದ 61ನೇ ತಿದ್ದುಪಡಿ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿ ಜಾರಿಗೆ ಬಂದದ್ದು 1989ರ ಮಾರ್ಚ್‌ನಲ್ಲಿ. ಕರ್ನಾಟಕದ ಕಾಲೇಜುಗಳಲ್ಲಿ ಚುನಾವಣೆಗೆ ತಡೆ ಬಿದ್ದದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ, 1989–90ರಲ್ಲಿ. ದೇಶ ಆಳುವವರನ್ನು ಆರಿಸುವಷ್ಟು ಬುದ್ಧಿ ಬಂದಿದೆ ಎಂದು ದಿಲ್ಲಿ ಒಪ್ಪಿದ ಹುಡುಗಿಗೆ, ಹಾಸ್ಟೆಲ್ ಊಟದ ಬಗ್ಗೆ ಮಾತಾಡುವವರನ್ನು ಆರಿಸುವ ಬುದ್ಧಿ ಇಲ್ಲವೆಂದು ಬೆಂಗಳೂರು ಷರಾ ಬರೆಯಿತು. ಈಗೇನಿದ್ದರೂ ನಾಮನಿರ್ದೇಶನ. ಅಂಕ ಚೆನ್ನಾಗಿರಬೇಕು, ಮೇಷ್ಟ್ರಿಗೆ ಎದುರಾಡಬಾರದು. (ಎರಡನೆಯ ಅರ್ಹತೆಯನ್ನು ಯಾವ ಸುತ್ತೋಲೆಯಲ್ಲೂ ಬರೆಯುವುದಿಲ್ಲ, ಅಷ್ಟೆ.)

ಹೊಡೆದಾಟ, ಜಾತಿ, ಪಕ್ಷಗಳ ದುಡ್ಡು ಇರಲಿಲ್ಲವೆ?

ಇದ್ದವು. ನನ್ನ ಒಂದು ಮೂಲೆ ಜಜ್ಜಿರುವುದು ಸುಮ್ಮನೆ ಅಲ್ಲ. ಆದರೆ ಈ ಮೂರೂ ವಿಧಾನಸಭೆ ಚುನಾವಣೆಯಲ್ಲೂ ಇವೆ. ಅಲ್ಲಿ ನೀತಿಸಂಹಿತೆ ತಂದರು, ಇಲ್ಲಿ ಚುನಾವಣೆಯನ್ನೇ ತೆಗೆದರು. ನಮಗೂ ನೀತಿಸಂಹಿತೆ ಇದೆ. ವಿದ್ಯಾರ್ಥಿ ಸಂಘದ ಚುನಾವಣೆ ಹೇಗೆ ನಡೆಯಬೇಕೆಂದು ಹೇಳಿದ ಲಿಂಗ್ಡೊ ಸಮಿತಿಯ ಶಿಫಾರಸುಗಳನ್ನು ಜಾರಿಗೆ ತರಲು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ: ಅಭ್ಯರ್ಥಿಯ ಖರ್ಚು 5,000 ರೂಪಾಯಿ ಮೀರಬಾರದು, ಹಾಜರಿ ಶೇ 75 ಇರಬೇಕು, ಅಚ್ಚಾದ ಪೋಸ್ಟರ್ ಕೂಡದು. ಇಷ್ಟೇ ಬಿಗಿಯಾದ ಹಾಜರಿ ನಿಯಮವನ್ನು ಶಾಸಕರಿಗೂ ಹಾಕಿ ನೋಡಿ, ಎಷ್ಟು ಜನ ಮತ್ತೆ ಟಿಕೆಟ್ ಕೇಳುತ್ತಾರೆ! ನಿಯಮ ಕಾಗದದಲ್ಲೇ ಉಳಿಯುತ್ತದೆ ಎನ್ನುವವರು ದೆಹಲಿ ವಿಶ್ವವಿದ್ಯಾಲಯದತ್ತ ಬೆರಳು ಮಾಡುತ್ತಾರೆ. ಮಾಡಲಿ. 2024ರಲ್ಲಿ ಅಲ್ಲಿನ ವಿದ್ಯಾರ್ಥಿ ಸಂಘದ ಚುನಾವಣೆಯ ಪ್ರಚಾರದಲ್ಲಿ ಗೋಡೆಗಳನ್ನೆಲ್ಲ ಗಲೀಜು ಮಾಡಿದ್ದಕ್ಕೆ ಹೈಕೋರ್ಟ್ ಮತ ಎಣಿಕೆಯನ್ನು ತಡೆಹಿಡಿಯಿತು, ಶುಚಿ ಮಾಡಿಸಿದ ಮೇಲೆ ಫಲಿತಾಂಶ ಬಂತು. ತಪ್ಪಿಗೆ ಶಿಕ್ಷೆಯೂ ಆಯಿತು, ಚುನಾವಣೆಯೂ ಉಳಿಯಿತು.

ಈಗ ಯುವ ಸಂಸತ್ತಿದೆ, ಪಾಲಿಸಿ ಫೆಲೋಶಿಪ್ ಇದೆ. ಸಾಲದೆ?

ಯುವ ಸಂಸತ್ತಿನಲ್ಲಿ ಮಸೂದೆ ಬಾಯಿಪಾಠ, ಬಿದ್ದ ಸರ್ಕಾರಕ್ಕೂ ಪ್ರಮಾಣಪತ್ರ. ಫೆಲೋಶಿಪ್ ಬೇಡವೆನ್ನಲಾರೆ, ಬಜೆಟ್ ಓದುವುದನ್ನು, ಕರಡು ಮಸೂದೆಗೆ ಆಕ್ಷೇಪಣೆ ಬರೆಯುವುದನ್ನು ಯಾರಾದರೂ ಕಲಿಸಲೇಬೇಕು. ಆದರೆ ಸಾರ್ವಜನಿಕ ಕೆಲಸವೆಂಬ ಕಸುಬಿನ ಅರ್ಧಭಾಗ ಇರುವುದು ನಿಮ್ಮನ್ನು ಕಂಡರಾಗದವರ ಬಳಿ ಹೋಗಿ ಬೆಂಬಲ ಕೇಳುವುದರಲ್ಲಿ, ಮಾತು ತಪ್ಪಿದರೆ ಮರುದಿನ ಕ್ಯಾಂಟೀನಿನಲ್ಲಿ ಬೈಸಿಕೊಳ್ಳುವುದರಲ್ಲಿ. ಚುನಾವಣೆ ಇದ್ದಾಗ ತಾಲ್ಲೂಕು ಕಾಲೇಜಿನ ಬಿ.ಎ. ಹುಡುಗ ಅದನ್ನು ಪುಕ್ಕಟೆ ಕಲಿಯುತ್ತಿದ್ದ. ಫೆಲೋಶಿಪ್ಪಿಗಾದರೆ ಮೊದಲು ಇಂಗ್ಲಿಷಿನಲ್ಲಿ ಅರ್ಜಿ ಗೆಲ್ಲಬೇಕು. ಹೀಗೆ ಆರಿಸಿ ಬಂದವರೇ ಹಳ್ಳಿಯ ಬಸ್ಸಿನ ಬಗ್ಗೆ ವರದಿ ಬರೆಯುತ್ತಾರೆ. ಬಸ್ಸಿಗೆ ಕಾಯುವವರು ಆ ವರದಿಯ ಅಂಕಿಅಂಶದಲ್ಲಿ ಮಾತ್ರ ಇರುತ್ತಾರೆ.

ಚುನಾವಣೆ ಮರಳಿದರೆ ಸಿದ್ಧವೆ?

ನಾನು ಸಿದ್ಧ, ನನ್ನ ಬೀಗ ಅಲ್ಲ. ಕೀಲಿ ಯಾವ ಕಚೇರಿಯಲ್ಲಿದೆಯೆಂದು ಆರ್‌ಟಿಐ ಹಾಕಿ ತಿಳಿಯಬೇಕು. ಅರ್ಜಿ ಬರೆಯಲು ಯಾರಾದರೂ ಫೆಲೋ ಬಿಡುವಾಗಿದ್ದರೆ ಕಳಿಸಿಕೊಡಿ.