ನೀರಿಗೆ ಕಾಯುವ ಸಕ್ಕರೆಯೊಂದಿಗೆ ನಾಲ್ಕು ಮಾತು

ಸಿಂಧನೂರಿನ ಭತ್ತದ ಗದ್ದೆ. ಪೈರಿನ ಬುಡಕ್ಕೆ ಅಂಟಿ ಕೂತ ಕಂದು ಜಿಗಿಹುಳದ ಮೈಯೊಳಗೆ ಟ್ರೆಹಲೋಸ್ ಸಿಕ್ಕರು. ಎರಡು ಗ್ಲೂಕೋಸ್ ಬೆಸೆದ ದೇಹ, ಕೀಟಗಳ ರಕ್ತದ ಮುಖ್ಯ ಸಕ್ಕರೆ. ವಿಳಾಸ ಹುಡುಕುವುದು ಕಷ್ಟವಾಗಲಿಲ್ಲ: ಯೂರಿಯಾ ಜಾಸ್ತಿ ಸುರಿದು ನೀರು ನಿಲ್ಲಿಸಿದ ಗದ್ದೆ ಯಾವುದೆಂದು ಕೇಳಿದರೆ ಸಾಕಿತ್ತು.

ನಾವು: ಮೂಲ ಊರು?

ಟ್ರೆಹಲೋಸ್: ಯುರೋಪಿನ ರೈ ತೆನಿಗೆ ಹತ್ತೋ ಬೂಷ್ಟಿನಾಗ ವಿಗರ್ಸ್ ಅನ್ನಾಂವ 1832ರಾಗ ಕಂಡ. ಇಲ್ಲಿ ಯಾರೂ ಹೆಸರು ಹಿಡಿದು ಕರ್ಯಂಗಿಲ್ರಿ. ಜಿಗಿಹುಳ ಅಂತ, ತೆಲುಗು ಕ್ಯಾಂಪಿನವರು ದೋಮ ಅಂತ ಬೈತಾರ, ಅದರಾಗ ನನ್ನ ಪಾಲೂ ಬಂತು. ಇರಲಿ ಬಿಡ್ರಿ, ಮಸ್ಕಿ ಬಂಡಿಗಲ್ಲಿನ ಶಾಸನದಾಗ ಅಶೋಕನ ಹೆಸರು ಸಿಗಾಕನ 1915 ಬರಬೇಕಾತು.

ನಾವು: ಟ್ರೆಹಲೇಸ್ ಕಂಡರೆ ನಿಮಗೆ ಆಗದಂತೆ?

ಟ್ರೆಹಲೋಸ್: ಅದು ಕಿಣ್ವರಿ. ಒಂದು ಅಣು ನೀರು ಸೇರಿಸಿ ನನ್ನ ಎರಡು ಗ್ಲೂಕೋಸ್ ಮಾಡ್ತೈತಿ. ಹುಳ ಹಾರಬೇಕಂದ್ರ ನಾ ಹರೀಬೇಕು. ಆ ಕಿಣ್ವ ನಿಮ್ಮ ಕರುಳಾಗೂ ಐತಿ. ಅದು ಇಲ್ಲದೋರು ಅಣಬಿ ತಿಂದ್ರ ಹೊಟ್ಟಿ ಉಬ್ಬತೈತಿ.

ನಾವು: ಔಷಧಿ ಅಂಗಡಿಯಲ್ಲಿ ವ್ಯಾಲಿಡಾಮೈಸಿನ್ ಮಾರುತ್ತಾರಲ್ಲ?

ಟ್ರೆಹಲೋಸ್: ಎಲೆ ಕವಚದ ಅಂಗಮಾರಿ ತರೋ ಶಿಲೀಂಧ್ರಕ್ಕ ನಾನ ಬುತ್ತಿ. ಆ ಔಷಧ ಟ್ರೆಹಲೇಸಿನ ಕೈ ಕಟ್ಟತೈತಿ. ಬುತ್ತಿ ಐತಿ, ಬಿಚ್ಚೋರಿಲ್ಲ! ರೈತ ರೊಕ್ಕ ಕೊಟ್ಟು ನನ್ನ ಜೀವ ಉಳಿಸ್ತಾನ, ಅದೂ ಉದ್ರಿಯಾಗ.

ನಾವು: ಒಣಗಿದರೂ ಸಾಯದ ಗುಟ್ಟು ನಿಮ್ಮ ಬಳಿ ಇದೆಯಂತೆ.

ಟ್ರೆಹಲೋಸ್: ಲಿಂಗಸುಗೂರಿನ ಬೇಕರಿಗೆ ಹೋಗಿ ಒಣ ಯೀಸ್ಟ್ ಕೇಳ್ರಿ. ನೀರು ಬಿಟ್ಟುಹೋದ ಜಾಗದಾಗ ನಾ ನಿಂತು ಅದರ ಪೊರಿ, ಪ್ರೋಟೀನು ಕೆಡದಂಗ ಕಾಯ್ತೀನಿ. ಬೆಚ್ಚನ ನೀರು ಬಿದ್ರ ಎದ್ದು ಕೂಡತೈತಿ.

ನಾವು: ಕಾಲುವೆಯ ಕೊನೆಭಾಗದ ರೈತರಿಗೂ ಆ ಗುಟ್ಟು ಹೇಳಿಕೊಡಬಾರದೆ?

ಟ್ರೆಹಲೋಸ್: ಅವರಿಗೆ ನಾ ಹೇಳೋದಾ? 2024ರ ಆಗಸ್ಟಿನಾಗ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋತು, ಕಾದ್ರು. ಮಸ್ಕಿ ಕಡೆಯವರು 5ಎ ಕಾಲುವಿ ಬೇಕಂತ ಧರಣಿ ಕುಂತು ಕಾದ್ರು. ಅವರ ಮೈಯಾಗ ನನಗಿಂತ ಗಟ್ಟಿ ಸಕ್ಕರಿ ಐತಿ. ಅದನ್ನ ಕರಗಿಸೋ ಕಿಣ್ವ ಎಲೆಕ್ಷನ್ ಬಂದಾಗ ಮಾತ್ರ ಊರಿಗೆ ಬರ್ತೈತಿ.

(ಇಷ್ಟರಲ್ಲಿ ಹುಳ ರೆಕ್ಕೆ ಬಿಚ್ಚಿತು. ಟ್ರೆಹಲೇಸ್ ಬಂದು ಕತ್ತರಿ ಹಾಕತೊಡಗಿತು.)

ನಾವು: ಎತ್ತ ಕಡೆ ಪ್ರಯಾಣ?

ಟ್ರೆಹಲೋಸ್: ಕಾಲುವಿ ಮೇಲ್ಭಾಗಕ್ಕರಿ. ಅಲ್ಲಿ ಇನ್ನೊಂದು ಚೀಲ ಯೂರಿಯಾ ಹಾಕ್ಯಾರಂತ.