ಕಿಸೆ ಇಲ್ಲದವರ ಫೋಟೊ

ನಮ್ಮ ವಿಜಯಪುರದಲ್ಲಿ ಮನುಷ್ಯನನ್ನು ಅಳೆಯಲು ಒಂದೇ ಪ್ರಶ್ನೆ ಸಾಕು. "ಎಷ್ಟ ಮಾಡ್ಯಾನ?"

ಮದುವೆ ಪಂಕ್ತಿಯಲ್ಲಿ ಕೇಳುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಕೇಳುತ್ತಾರೆ. ಸತ್ತವನ ಮನೆ ಕಟ್ಟೆಯ ಮೇಲೆ ಕೂತು, ದನಿ ತಗ್ಗಿಸಿ ಕೇಳುತ್ತಾರೆ. ಎರಡು ಪ್ಲಾಟು, ಒಂದು ಸ್ಕಾರ್ಪಿಯೊ ಎಂದು ಉತ್ತರ ಬಂದರೆ ತೀರ್ಪು ಸಿದ್ಧ. "ಭಾಳ ಮುಂದ ಬಂದಾನ ಬಿಡ್ರಿ."

ಯಾರನ್ನು ತುಳಿದು ಮುಂದೆ ಬಂದ? ಅಂಥ ಪ್ರಶ್ನೆ ಕೇಳುವುದು ಸಭ್ಯರ ಲಕ್ಷಣವಲ್ಲ.

ಈಗ ಇದೇ ಊರಿನ ಇನ್ನೊಂದು ದಿನ ನೆನಪಿಸಿಕೊಳ್ಳಿ. 2023ರ ಜನವರಿ 3. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಹಿಂದಿನ ಸಂಜೆ ತೀರಿಕೊಂಡಿದ್ದರು. ಸೈನಿಕ ಶಾಲೆಯ ಮೈದಾನದಲ್ಲಿ ಇರುವೆ ಸಾಲಿನಂತೆ ಲಕ್ಷಗಟ್ಟಲೆ ಜನ. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ, ಅಂಗಿಗೆ ಕಿಸೆಯನ್ನೇ ಇಡಿಸದೆ ಬದುಕಿ ಹೋದ ಒಬ್ಬರಿಗಾಗಿ. ಆವತ್ತು ಒಬ್ಬನೂ "ಎಷ್ಟ ಮಾಡ್ಯಾರ?" ಎಂದು ಕೇಳಲಿಲ್ಲ. ಕೇಳಿದ್ದರೆ ಲೆಕ್ಕ ತಪ್ಪುತ್ತಿತ್ತು.

2018ರಲ್ಲಿ ಪದ್ಮಶ್ರೀ ಬಂತು. ಬೇಡ ಎಂದು ವಿನಯದಿಂದ ಕಾಗದ ಬರೆದರು. ಗೌರವ ಡಾಕ್ಟರೇಟನ್ನೂ ಒಲ್ಲೆ ಎಂದರು. ನಮ್ಮ ಓಣಿಯಲ್ಲಿ ಗೇಟಿನ ಮೇಲೆ ಹಿತ್ತಾಳೆಯಲ್ಲಿ 'ಡಾ.' ಕೆತ್ತಿಸಿದವರಿದ್ದಾರೆ. ಯಾವುದರಲ್ಲಿ ಡಾಕ್ಟರು ಎಂದು ಅವರ ಹೆಂಡತಿಗೂ ಗೊತ್ತಿಲ್ಲ.

ಸ್ವಾಮೀಜಿ 2014ರ ಗುರುಪೂರ್ಣಿಮೆಯಂದೇ ಬರೆದಿಟ್ಟಿದ್ದರು. ದೇಹವನ್ನು ಬೆಂಕಿಗೆ ಕೊಡಿ, ಬೂದಿಯನ್ನು ನೀರಿಗೆ ಬಿಡಿ, ಸ್ಮಾರಕ ಬೇಡ. ಇಷ್ಟೇ. ಓದಿ ಕಣ್ಣೊರೆಸಿಕೊಂಡೆವು. ಕಣ್ಣೊರೆಸಿಕೊಂಡ ಕೈಯಿಂದಲೇ ಫ್ಲೆಕ್ಸ್ ಅಂಗಡಿಗೆ ಫೋನ್ ಮಾಡಿದೆವು. ಇಪ್ಪತ್ತು ಅಡಿ ಫ್ಲೆಕ್ಸು. ಮೇಲಿನ ಮೂಲೆಯಲ್ಲಿ ಅವರ ಮುಖ, ನಡುವೆ ನಮ್ಮದು. ಕೊರಳಲ್ಲಿ ಚೈನು, ಕೈಯಲ್ಲಿ ಮೊಬೈಲು. ಕೆಳಗೆ ಬಂಗಾರದ ಅಕ್ಷರ: ಸರಳತೆಯ ಸಾಕಾರಮೂರ್ತಿಗೆ ನಮನ.

ನಾವು ಜಾಣರು. ಅವರು ಬದುಕಿದ್ದಾಗಲೇ 'ನಡೆದಾಡುವ ದೇವರು' ಎಂದುಬಿಟ್ಟೆವು. ಅಲ್ಲಿಗೆ ತಕರಾರು ಮುಗಿಯಿತು. ದೇವರಿಗೆ ಕೈ ಮುಗಿದರೆ ಸಾಕು, ಅವನಂತೆ ಬದುಕಬೇಕು ಎಂದು ಯಾರೂ ಹಟ ಹಿಡಿಯುವುದಿಲ್ಲ. ಮನುಷ್ಯ ಎಂದಿದ್ದರೆ ತೊಡಕಾಗುತ್ತಿತ್ತು. ಅವರಿಗೆ ಸಾಕಾದದ್ದು ನಿನಗೇಕೆ ಸಾಲದು ಎಂದು ಮಗ ಎದುರು ಕೂತು ಕೇಳುತ್ತಿದ್ದ.

ಸ್ವಾಮಿಗಳ ಮಾತು ಬಿಡಿ, ಅವರಿಗೆ ಸಂಸಾರವಿರಲಿಲ್ಲ ಅನ್ನುತ್ತೀರಿ. ಸರಿ, ಸಂಸಾರಸ್ಥರನ್ನೇ ತರುತ್ತೇನೆ. ಫ.ಗು. ಹಳಕಟ್ಟಿ. ಇದೇ ಊರಿನ ವಕೀಲರು. ಕಪ್ಪು ಕೋಟು ಹಾಕಿಕೊಂಡು ದುಡಿದಿದ್ದರೆ ನಾಲ್ಕು ವಾಡೆ ಕಟ್ಟಬಹುದಿತ್ತು. ಅವರು ಹಳ್ಳಿ ಹಳ್ಳಿ ಅಲೆದು ತಾಳೆಗರಿ ಕೂಡಿಹಾಕಿದರು. ವಚನ ಅಚ್ಚು ಹಾಕಲು ಇದ್ದ ಮನೆಯನ್ನೂ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು. ಮರುವರ್ಷ 'ಶಿವಾನುಭವ' ಪತ್ರಿಕೆ. 1964ರಲ್ಲಿ ಹೋದಾಗ ಬಿಟ್ಟುಹೋದದ್ದು ವಚನ ಸಾಹಿತ್ಯ.

ನಿಮ್ಮ ಅಳಿಯ ಇವತ್ತು ಮನೆ ಮಾರಿ ಅಚ್ಚಿನ ಮಷಿನ್ನು ತರಲಿ, ನೋಡೋಣ. ಸಂಜೆಯೊಳಗೆ ಬೀಗರೆಲ್ಲ ಕೂಡುತ್ತಾರೆ. "ತಲಿ ಕೆಟ್ಟೈತಿ, ಒಮ್ಮೆ ಡಾಕ್ಟರಿಗೆ ತೋರಸ್ರಿ."

ಆದರೆ ಹಳಕಟ್ಟಿಯವರ ಹೆಸರಿಗೆ ನಮ್ಮಲ್ಲಿ ಮರ್ಯಾದೆ ಇದೆ. ಅವರ ಹೆಸರಿನ ಇಂಜಿನಿಯರಿಂಗ್ ಕಾಲೇಜೇ ಇದೆ. ಮಗನನ್ನು ಅಲ್ಲಿ ಹಚ್ಚಲು ಹೋದ ಅಪ್ಪ ಮೊದಲು ಕೇಳುವುದು: "ಪ್ಯಾಕೇಜ್ ಎಷ್ಟರದು ಸಿಗತೈತ್ರಿ?" ಹೆಸರು ಮನೆ ಮಾರಿದವರದು. ಲೆಕ್ಕ ಮನೆ ಕೊಳ್ಳುವವರದು.

ಇನ್ನೊಬ್ಬರಿಗಿಂತ ದೊಡ್ಡದು ಬೇಕೆನ್ನುವ ಈ ಚಟ ಹೊಸದೂ ಅಲ್ಲ. ಮೊಹಮ್ಮದ್ ಆದಿಲ್ ಶಾ ಗೋಳಗುಮ್ಮಟ ಕಟ್ಟಿಸಿದ. ಮಗ ಎರಡನೇ ಅಲಿಗೆ ಅಪ್ಪನ ಗೋರಿಗಿಂತ ದೊಡ್ಡ ಗೋರಿ ಬೇಕಾಯಿತು. 1672ರಲ್ಲಿ ಸತ್ತ. ಕಮಾನುಗಳಷ್ಟೇ ನಿಂತವು, ಮೇಲೆ ಆಕಾಶ. ಅದನ್ನು ಬಾರಾ ಕಮಾನ್ ಎಂದು ಮಕ್ಕಳಿಗೆ ತೋರಿಸಿ, ಫೋಟೊ ಹೊಡೆದುಕೊಂಡು, ಅಣ್ಣನ ಮನೆಗಿಂತ ಒಂದು ಅಂತಸ್ತು ಹೆಚ್ಚು ಕಟ್ಟಲು ಸಾಲಕ್ಕೆ ಅರ್ಜಿ ಹಾಕುತ್ತೇವೆ.

ತಿಕೋಟಾ ಕಡೆ ಬನ್ನಿ. ದ್ರಾಕ್ಷಿ ಪಡದ ಸೀಮೆ. ಬರ ಬಿದ್ದ ವರ್ಷ ಟ್ಯಾಂಕರ್ ನೀರು ಹೊಯ್ದು ಬಳ್ಳಿ ಉಳಿಸಿಕೊಂಡವರಿದ್ದಾರೆ. ಬಳ್ಳಿ ಕತ್ತರಿಸುವ ಚಾಟ್ನಿ, ಔಷಧಿ, ಅಕಾಲದ ಮಳೆ, ಒಣದ್ರಾಕ್ಷಿಯ ದರ, ಎಲ್ಲದರ ಜೊತೆ ಕುಸ್ತಿ ಆಡಿ ನಿಂತವರು. ಇದನ್ನು ಯಾರೂ 'ಮುಂದ ಬರೋದು' ಅನ್ನುವುದಿಲ್ಲ. ಸಾಲದ ಮೇಲೆ ಗಾಡಿ ತಂದು ಅಂಗಳದಲ್ಲಿ ನಿಲ್ಲಿಸಿದರೆ ಅನ್ನುತ್ತಾರೆ. ಎಷ್ಟು ಮಾಡಿದ ಎಂದು ಊರಿಗೆಲ್ಲ ಗೊತ್ತು. ಎಷ್ಟು ಕೊಡುವುದಿದೆ ಎಂದು ಬ್ಯಾಂಕಿಗಷ್ಟೇ ಗೊತ್ತು.

ಅದೇ ಪಡದ ಮಾಲೀಕ ಮಗಳಿಗೆ ಗಂಡು ನೋಡುತ್ತಾನೆ. "ಹುಡುಗಗ ಹೊಲಾ ಇರಬೇಕ್ರಿ. ಆದ್ರ ಹೊಲದಾಗ ದುಡೀಬಾರದು. ಬೆಂಗಳೂರಾಗ ನೌಕರಿ ಇರಬೇಕು." ಅವನ ಸ್ವಂತ ಮಗ ಮೂವತ್ತೈದಾದರೂ ಹೆಣ್ಣು ಸಿಗದೆ ಪಡದಲ್ಲಿ ಔಷಧಿ ಹೊಡೆಯುತ್ತಿದ್ದಾನೆ. ಯಾಕೆ ಸಿಗುತ್ತಿಲ್ಲ ಎಂದು ಅಪ್ಪ ಜ್ಯೋತಿಷಿಯನ್ನು ಕೇಳುತ್ತಾನೆ. ಕನ್ನಡಿ ಅಗ್ಗ. ಜ್ಯೋತಿಷಿ ತುಟ್ಟಿ.

ಬಬಲೇಶ್ವರದ ಕಡೆ ಒಂದು ವಾಸ್ತುಶಾಂತಿಗೆ ಹೋಗಿದ್ದೆ. ಕಾಲುವೆ ನೀರು ಬಂದಿದೆ, ಒಳ್ಳೆಯದೇ. ನೀರಿನ ಹಿಂದೆಯೇ "ಎಕರೆಕ್ಕ ಎಷ್ಟ?" ಕೂಡ ಬಂದಿದೆ. ಮನೆಯೊಡೆಯರು ಒಂದೊಂದೇ ಖೋಲಿ ತೋರಿಸಿದರು. ಒಳಗಿನ ಖೋಲಿಯಲ್ಲಿ ತಿಜೋರಿ. ತಿಜೋರಿಯ ಮೇಲೆ, ಗಂಧದ ಮಾಲೆ ಹಾಕಿದ ಸ್ವಾಮೀಜಿ ಫೋಟೊ. "ಇಲ್ಲಿ ಯಾಕ್ರಿ ಇಟ್ಟೀರಿ?" ಎಂದೆ. "ಕಾಯಾಕ ಒಬ್ಬರು ಬೇಕಲ್ರಿ," ಎಂದರು. ನಗಲಿಲ್ಲ. ನಿಜವಾಗಿಯೇ ಹೇಳಿದ್ದರು.

ಮರುದಿನ ಸಿಟ್ಟಿನಲ್ಲಿ ದರ್ಜಿಯ ಹತ್ತಿರ ಹೋದೆ. ಕಿಸೆ ಇಲ್ಲದ ಅಂಗಿ ಹೊಲಿ ಎಂದೆ. ಅವನು ಟೇಪು ಕೊರಳಿಗೆ ಹಾಕಿಕೊಂಡು ಒಂದು ಗಳಿಗೆ ನೋಡಿದ.

"ಅಪ್ಪಾರಂಗ ಏನ್ರಿ? ಭಾಳ ಮಂದಿ ಹೊಲಿಸ್ಯಾರ್ರಿ. ಹೊರಗ ಬ್ಯಾಡ, ಒಳಗೊಂದು ಇಡತೀನಿ. ಯಾರಿಗೂ ಕಾಣಂಗಿಲ್ಲ."

ನಾನು ಬೇಡ ಅನ್ನಲಿಲ್ಲ.